ಕರೆಂಟ್ ಕೆಲಸಕ್ಕೆ ಯಾವ ಹತಾರ ಕೊಳ್ಳೋಣ?



ಮಿಕ್ಸಿಯ ವೈರು ತುಂಡಾಗುತ್ತದೆ. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಸುಟ್ಟು ಕಪ್ಪಾಗುತ್ತದೆ. ಬಲ್ಬಿನ ಹೋಲ್ಡರು ಸಡಿಲವಾಗುತ್ತದೆ. ಇಷ್ಟು ಸಣ್ಣ ರಿಪೇರಿಗೂ ನಾವು ಯಾರಿಗೋ ಕಾದು ಕೂರ್ತೇವೆ. ಈಗ ಹೆಣ್ಣುಮಕ್ಕಳೂ ಈ ಕೆಲಸ ಕಲಿಯುತ್ತಿದ್ದಾರೆ. ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆದವರೂ ಇದ್ದಾರೆ. ಕಲಿಯಲು ಹೊರಟ ಮೊದಲ ದಿನವೇ ಹತಾರ ಬೇಕಾಗುತ್ತದೆ. ಎಂಥದ್ದು ಕೊಳ್ಳಬೇಕು?

ಒಂದು ವಿಷಯ ಮೊದಲೇ ಹೇಳಿಬಿಡ್ತೇವೆ. ಮನೆಗೆ ಹೊಸ ವೈರಿಂಗ್ ಮಾಡಲು ಪರ್ಮಿಟ್ ಬೇಕು. ನಮ್ಮ ರಾಜ್ಯದಲ್ಲಿ ಅದನ್ನು ವಿದ್ಯುತ್ ಪರಿವೀಕ್ಷಣಾಲಯ ಕೊಡುತ್ತದೆ. ಮೀಟರು, ಕಂಬ ಇವು ಲೈನ್‌ಮ್ಯಾನ್ ಕೆಲಸ. ಅವನ್ನು ನಾವು ಮುಟ್ಟೋದೇ ಬೇಡ. ಪ್ಲಗ್ಗು, ಹೋಲ್ಡರು, ಮಿಕ್ಸಿಯ ವೈರು, ಇಲ್ಲಿಂದ ಶುರು ಮಾಡೋಣ.

ಮನೆಗೆ ಬರುವ ಕರೆಂಟು 230 ವೋಲ್ಟ್. ಜೀವ ಹೋಗಲು ಇಷ್ಟು ಸಾಕು. ಅದಕ್ಕೇ ಹತಾರ ಕೊಳ್ಳುವಾಗ ಬರೀ ಅಗ್ಗ ನೋಡಬಾರದು.

ಮೊದಲು ವೈರ್ ಸ್ಟ್ರಿಪ್ಪರ್ ನೋಡೋಣ. ವೈರಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಸುಲಿಯುವ ಹತಾರ ಇದು. "ಇದಕ್ಕೆ ಯಾಕೆ ದುಡ್ಡು? ಹಲ್ಲಿನಲ್ಲಿ ಕಚ್ಚಿ ಎಳೆದರಾಯ್ತು" ಅನ್ನುವವರಿದ್ದಾರೆ. ಬ್ಲೇಡಿನಲ್ಲಿ ಕೊಯ್ಯುವವರೂ ಇದ್ದಾರೆ. ಹಲ್ಲು ಹಾಳಾಗುತ್ತದೆ, ಬೆರಳು ಕೊಯ್ಯುತ್ತದೆ. ಅದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿದೆ.

ಅವರೆಕಾಳು ಹಿತುಕೋದು ನಮಗೆಲ್ಲ ಗೊತ್ತು. ಸಿಪ್ಪೆ ಕಳಚಿ ಬರಬೇಕು, ಒಳಗಿನ ಬೇಳೆ ಒಡೆಯಬಾರದು. ವೈರಿನದೂ ಅದೇ ಲೆಕ್ಕ. ಒಳಗೆ ತಾಮ್ರದ ಸಣ್ಣ ಸಣ್ಣ ಎಳೆಗಳಿರ್ತವೆ. ಬ್ಲೇಡು ಸ್ವಲ್ಪ ಆಳಕ್ಕೆ ಹೋದರೂ ನಾಲ್ಕಾರು ಎಳೆ ಕತ್ತರಿಸಿ ಹೋಗ್ತವೆ. ಉಳಿದ ಎಳೆಗಳೇ ಅಷ್ಟೂ ಕರೆಂಟು ಹೊರಬೇಕು. ಹತ್ತು ಜನ ಎಳೆಯೋ ತೇರನ್ನು ಆರು ಜನ ಎಳೆದ ಹಾಗೆ. ಅವು ಬಿಸಿಯಾಗ್ತವೆ. ಬಲ್ಬಿನ ವೈರಿಗೆ ಅಷ್ಟು ತೊಂದರೆ ಕಾಣದೇ ಇರಬಹುದು. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಹೀಟರು ತುಂಬಾ ಕರೆಂಟು ಎಳೀತಾವೆ. ಅವುಗಳ ಪ್ಲಗ್ಗು ಕರಗುತ್ತದೆ, ಒಮ್ಮೊಮ್ಮೆ ಬೆಂಕಿಯೇ ಹತ್ತುತ್ತದೆ. ಪ್ಲಗ್ಗು ಕಪ್ಪಾಗಲು ಸಡಿಲ ಸ್ಕ್ರೂ ಒಂದು ಕಾರಣ, ಕತ್ತರಿಸಿದ ಎಳೆ ಇನ್ನೊಂದು.

ಸ್ಟ್ರಿಪ್ಪರಿನಲ್ಲಿ ಮೂರು ತರಹ ಸಿಗುತ್ತದೆ. ಒಂದರಲ್ಲಿ ಬಾಯಿ ಎಷ್ಟು ಮುಚ್ಚಬೇಕು ಅಂತ ಸಣ್ಣ ಸ್ಕ್ರೂ ತಿರುಗಿಸಿ ಗುರುತು ಮಾಡಬೇಕು. ವೈರು ಬದಲಾದಾಗಲೆಲ್ಲ ಸ್ಕ್ರೂನೂ ಬದಲಾಯಿಸಬೇಕು. ಇದು ಅಗ್ಗ. ಇನ್ನೊಂದರಲ್ಲಿ ಬಾಯಿಯ ಉದ್ದಕ್ಕೂ ಸಣ್ಣದು, ದೊಡ್ಡದು ತೂತುಗಳಿರ್ತವೆ. ಪ್ರತಿ ತೂತಿನ ಪಕ್ಕ ಒಂದು ನಂಬರು. ಮೂರನೆಯದು ತಾನೇ ಹಿಡಿದು, ತಾನೇ ಕೊಯ್ದು, ತಾನೇ ಸಿಪ್ಪೆ ಎಳೆದು ಹಾಕುತ್ತದೆ. ದಿನಕ್ಕೆ ನೂರಾರು ವೈರು ಸುಲಿಯುವವರಿಗೆ ಅದು ಸರಿ, ಬೆಲೆ ಜಾಸ್ತಿ. ಹೊಸದಾಗಿ ಕಲಿಯುವವರಿಗೆ ನಂಬರಿನ ತೂತು ಇರೋದೇ ಒಳ್ಳೆಯದು ಅಂತ ನಮ್ಮ ಅಭಿಪ್ರಾಯ.

ಈ ನಂಬರು ಓದೋದು ಹೇಗೆ? ಹತಾರದ ಮೇಲೆ ಬರೆದಿರೋದು ಇಂಗ್ಲಿಷ್. ಇರಲಿ ಬಿಡಿ. ಅಂಕಿ ನಮಗೆ ಗೊತ್ತು. ಬಸ್ಸಿನ ನಂಬರು ಓದ್ತೇವೆ, ನೋಟಿನ ನಂಬರು ಓದ್ತೇವೆ. ವೈರಿನ ಸುರುಳಿಯ ಮೇಲೆ 1, 1.5, 2.5, 4 ಅಂತ ಬರೆದಿರುತ್ತದೆ. ಅದು ಒಳಗಿನ ತಾಮ್ರದ ಗಾತ್ರ, ಚದರ ಮಿಲಿಮೀಟರ್ ಲೆಕ್ಕದಲ್ಲಿ. ನಂಬರು ಹೆಚ್ಚಾದಷ್ಟೂ ವೈರು ದಪ್ಪ. ಸ್ಟ್ರಿಪ್ಪರಿನ ಮೇಲೂ ಇವೇ ನಂಬರು ಇದ್ದರೆ ನಮಗೆ ಸುಲಭ. ಕೆಲವು ಸ್ಟ್ರಿಪ್ಪರಿನಲ್ಲಿ 10, 12, 14, 16, 18 ಅಂತ ಇರುತ್ತದೆ. ಅದು ಅಮೆರಿಕದ ಗೇಜ್ ಲೆಕ್ಕ. ಅಲ್ಲಿ ನಂಬರು ಹೆಚ್ಚಾದಷ್ಟೂ ವೈರು ತೆಳು, ಎಲ್ಲ ತಿರುಗಾ ಮುರುಗಾ. ಅಂಥದ್ದು ಬೇಡ ಅನ್ನಿ.

ಅಂಗಡಿಗೆ ಹೋಗುವಾಗ ಬೇರೆ ಬೇರೆ ಗಾತ್ರದ ವೈರಿನ ತುಂಡು ಜೊತೆಗೆ ಒಯ್ಯಿರಿ. "ಇದೇ ಸಾಕಮ್ಮ, ಎಲ್ಲರೂ ಇದನ್ನೇ ಒಯ್ತಾರೆ" ಅಂತ ಅಂಗಡಿಯವರು ಹೇಳಬಹುದು. "ಇರಲಿ ಅಣ್ಣಾ, ಒಂದು ಸಲ ಸುಲಿದು ನೋಡ್ತೀನಿ" ಅನ್ನಿ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡೋದಿಲ್ಲವೇ? ಇದಕ್ಕೇನು ನಾಚಿಕೆ? ತುದಿಯಲ್ಲಿ ತಾಮ್ರದ ಎಳೆ ಎಣಿಸಿ. ಸುಲಿದ ಮೇಲೆ ಮತ್ತೆ ಎಣಿಸಿ. ಲೆಕ್ಕ ಸರಿ ಇರಬೇಕು. ತಾಮ್ರದ ಮೇಲೆ ಗೀರು ಬಿದ್ದಿರಬಾರದು. ಸಿಪ್ಪೆ ಹರಿದು ಜೋಲಾಡಬಾರದು.

ಎಷ್ಟು ಉದ್ದ ಸುಲಿಯಬೇಕು? ಹೋಲ್ಡರಿನ ತೂತು ಎಷ್ಟು ಆಳವೋ ಅಷ್ಟೇ. ತಾಮ್ರ ಹೊರಗೆ ಇಣುಕಬಾರದು.

ಇನ್ನು ಕಟಿಂಗ್ ಪ್ಲೇಯರ್. ಇದು 6, 7, 8 ಇಂಚಿನಲ್ಲಿ ಬರುತ್ತದೆ. ಅಂಗಡಿಯಲ್ಲಿ ಕೇಳಿದರೆ ದೊಡ್ಡದನ್ನೇ ಕೊಡೋದು ಹೆಚ್ಚು. ನಮ್ಮ ಕೈ ಸಣ್ಣದಾದರೆ 8 ಇಂಚಿನದು ಪೂರ್ತಿ ಹಿಡಿತಕ್ಕೆ ಸಿಗೋದಿಲ್ಲ, ಜಾರುತ್ತದೆ. ಒಂದೇ ಕೈಯಲ್ಲಿ ತೆರೆದು ಮುಚ್ಚಿ ನೋಡಿ. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಜಾಗದಲ್ಲಿ ಬೆಳಕು ತೂರಿ ಬಂದರೆ ಅದು ವೈರನ್ನು ಕತ್ತರಿಸೋದಿಲ್ಲ, ಜಜ್ಜುತ್ತದೆ.

ಸ್ಕ್ರೂ ಡ್ರೈವರ್ ದೊಡ್ಡದೊಂದು, ಸಣ್ಣದೊಂದು ಸಾಕು. ತುದಿ ಸ್ಕ್ರೂವಿನ ಗೀಟಿನಲ್ಲಿ ಸರಿಯಾಗಿ ಕೂರಬೇಕು.

ಹಿಡಿಯ ಮೇಲೆ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಶಾಕ್ ಹೊಡೆಯೋದಿಲ್ಲ ಅಂತ ತಿಳಿಯಬೇಡಿ. ಕೆಲವು ಹಿಡಿ ಬರೀ ಕೈ ಜಾರದ ಹಾಗೆ ಮಾಡಿದ್ದು. ಕರೆಂಟಿಗೆ ಅಂತಲೇ ಪರೀಕ್ಷೆ ಮಾಡಿದ ಹತಾರದ ಮೇಲೆ ಎರಡು ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಅನ್ನುವ ಬರಹ ಇರುತ್ತದೆ. ಅಂಥದ್ದೇ ಕೇಳಿ. ಅದು ಕೈಯಲ್ಲಿದ್ದರೂ ಕರೆಂಟ್ ತೆಗೆದೇ ಕೆಲಸ ಮಾಡಬೇಕು. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಆದರೆ ಪ್ಲಗ್ಗು ಕಿತ್ತು ಪಕ್ಕಕ್ಕಿಡಿ. ಹೋಲ್ಡರು ಆದರೆ ಮೇನ್ ಆಫ್ ಮಾಡಿ. ಫ್ಯೂಸು ಇರುವ ಮನೆಯಲ್ಲಿ ಆಮೇಲೆ ಅದನ್ನೂ ಕಿತ್ತು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಯಾರೋ ಬಂದು "ಕರೆಂಟೇ ಇಲ್ಲವಲ್ಲ" ಅಂತ ಹಾಕಿಬಿಡ್ತಾರೆ! ಕೈಯ ಚಿನ್ನದ ಬಳೆ, ಉಂಗುರ ತೆಗೆದಿಡಿ. ಕೊರಳ ಸರ ಜೋತಾಡದ ಹಾಗೆ ಒಳಗೆ ಸೇರಿಸಿ.

ಕರೆಂಟು ಹೋಗಿದೆಯೋ ಇಲ್ಲವೋ ನೋಡಲು ಟೆಸ್ಟರ್ ಬೇಕು. ಆದರೆ ಟೆಸ್ಟರ್ ಹತ್ತಲಿಲ್ಲ ಅಂದರೆ ಕರೆಂಟಿಲ್ಲ ಅಂತಲೇ ಅಲ್ಲ. ಅದರ ದೀಪವೇ ಕೆಟ್ಟಿರಬಹುದು. ಅದಕ್ಕೆ ಮೇನ್ ಆಫ್ ಮಾಡುವ ಮೊದಲು ಕರೆಂಟಿರುವ ಸ್ವಿಚ್ ಬೋರ್ಡಿನಲ್ಲಿ ಇಟ್ಟು ನೋಡಿ. ಅಲ್ಲಿ ಹತ್ತಬೇಕು. ಆಮೇಲೆ ಕೆಲಸದ ಜಾಗದಲ್ಲಿ ಇಡಿ. ಕೊನೆಗೆ, ಕರೆಂಟು ಬಂದ ಮೇಲೆ, ಇನ್ನೊಮ್ಮೆ ಬೋರ್ಡಿನಲ್ಲಿ ನೋಡಿ. ಒದ್ದೆ ಕೈಯಲ್ಲಿ ಟೆಸ್ಟರ್ ಹಿಡಿಯಲೇಬಾರದು. ಟೆಸ್ಟರಿನಿಂದ ಬಿಗಿ ಸ್ಕ್ರೂ ತಿರುಗಿಸಬೇಡಿ, ಒಳಗೆ ಬಿರುಕು ಬಿಡುತ್ತದೆ.

ಹಿಡಿ ಒಡೆದ ಹತಾರಕ್ಕೆ ಟೇಪು ಸುತ್ತಿ ಕರೆಂಟ್ ಕೆಲಸಕ್ಕೆ ಬಳಸೋದು ಬೇಡ. ಅದು ಬೇಲಿಯ ತಂತಿ ಕತ್ತರಿಸಲು ಇರಲಿ.

ಓದಿ, ಮಾಡಿ:
ಅಂಗಡಿಯಲ್ಲಿ ಒಂದು ವೈರಿನ ಸುರುಳಿ ಕೇಳಿ ನೋಡಿ. ಅದರ ಮೇಲೆ ಗಾತ್ರ ಎಷ್ಟಿದೆ? ಐಎಸ್‌ಐ ಗುರುತು ಇದೆಯೇ? ಐಎಸ್ 694 ಅನ್ನುವ ನಂಬರು ಎಲ್ಲಿದೆ? ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.