ಎಕರೆಗೆ ಮುಂಗಡ ಕೊಡುವ ಮುನ್ನ ಒಂದು ಟೆಂಟು

ಸಂತೇಬೆನ್ನೂರಿನ ಹೊಂಡ ನೋಡಲು ಬೆಂಗಳೂರಿನಿಂದ ಬರುವವರು ಸಾಮಾನ್ಯವಾಗಿ ಹನ್ನೊಂದರ ಹೊತ್ತಿಗೆ ಕಾರಿನಿಂದ ಇಳಿಯುತ್ತಾರೆ. ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯ ಮೆಟ್ಟಿಲ ಮೇಲೆ ನಿಂತು, ನೀರ ನಡುವಿನ ವಸಂತ ಮಂಟಪ ಹಿಂದೆ ಕಾಣುವಂತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಮುಸಾಫಿರ್‌ಖಾನಕ್ಕೆ ಒಂದು ಸುತ್ತು ಹಾಕುತ್ತಾರೆ. ಬಿಸಿಲೇರುವ ಮೊದಲೇ ದಾವಣಗೆರೆಯ ಬೆಣ್ಣೆದೋಸೆ ನೆನಪಾಗಿ ಹೊರಡುತ್ತಾರೆ. ಹೊರಟವರು ದಾರಿಯ ಎಡಬಲದ ಅಡಿಕೆ ತೋಟ ನೋಡಿ ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: ‘ಇಲ್ಲಿ ಎಕರೆ ಎಷ್ಟಿದೆ?’

ನಾನು ಈ ಸೀಮೆಯವನು, ಬರೆಯುವುದು ಹಣಕಾಸಿನ ಅಂಕಣ. ಹಾಗಾಗಿ ಆ ಪ್ರಶ್ನೆ ನನ್ನ ಫೋನಿಗೂ ಬರುತ್ತದೆ. ನನ್ನ ಉತ್ತರ ಕೇಳಿ ಕೆಲವರು ತಮಾಷೆ ಅಂದುಕೊಳ್ಳುತ್ತಾರೆ. ಮೊದಲು ಒಂದು ಟೆಂಟು ತನ್ನಿ, ಆ ಜಮೀನಿನಲ್ಲೋ ಅದರ ಪಕ್ಕದಲ್ಲೋ ರಾತ್ರಿ ಮಲಗಿ, ಎಕರೆಯ ಮಾತು ಆಮೇಲೆ ಆಡೋಣ ಎನ್ನುತ್ತೇನೆ.

ಈ ಪ್ರಶ್ನೆ ಹೆಚ್ಚಾದದ್ದು 2020ರ ನಂತರ. ಅದಕ್ಕೂ ಮೊದಲು ಕೃಷಿಕರಲ್ಲದವರು, ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರು ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳು ಹೋದವು, ಬೇಲಿ ಬಿದ್ದಿತು. ಅದು ಸರಿಯೋ ತಪ್ಪೋ ಎಂಬುದು ಬೇರೆಯದೇ ಜಗಳ. ನನಗೆ ಕಾಣುವುದು ನಿವೃತ್ತಿಗೆ ಹತ್ತಿರವಾದವರ ಪಿ.ಎಫ್. ಮತ್ತು ಗ್ರಾಚ್ಯುಟಿ. ಕೃಷಿ ಜಮೀನಿಗೆ ಬ್ಯಾಂಕುಗಳು ಗೃಹಸಾಲ ಕೊಡುವುದಿಲ್ಲವಾದ್ದರಿಂದ ಕೈಯಲ್ಲಿರುವ ಇಡೀ ಗಂಟೇ ಹೋಗಬೇಕು.

ಉದಾಹರಣೆಗೆ ಜಮೀನಿಗೆ 30 ಲಕ್ಷ ಹಾಕಿದಿರಿ ಎಂದುಕೊಳ್ಳಿ. ಅದೇ ದುಡ್ಡು ಶೇ 7ರ ಠೇವಣಿಯಲ್ಲಿ ಇದ್ದಿದ್ದರೆ ತೆರಿಗೆಗೆ ಮೊದಲು ವರ್ಷಕ್ಕೆ 2.10 ಲಕ್ಷ ಬಡ್ಡಿ ಬರುತ್ತಿತ್ತು. ವರ್ಷಕ್ಕೆ ಹತ್ತು ವಾರಾಂತ್ಯ ಹೋಗಿ ಬಂದರೆ ಒಂದೊಂದು ವಾರಾಂತ್ಯದ ಬೆಲೆ 21,000 ರೂಪಾಯಿ. ಕಾವಲುಗಾರನ ಸಂಬಳ, ಬೇಲಿ, ಬೋರ್‌ವೆಲ್ಲು ಇದರಲ್ಲಿ ಸೇರಿಲ್ಲ. ನಮ್ಮಂಥ ಮೂವರ ಸಂಸಾರ ರೆಸಾರ್ಟಿಗೆ ಹೋದರೆ ಎಷ್ಟಾದೀತು? ಕೋಣೆಗೆ 6,000, ಅದರ ಮೇಲೆ ಶೇ 5 ಜಿಎಸ್‌ಟಿ, ಹೋಗಿಬರುವ 500 ಕಿಲೋಮೀಟರಿಗೆ ಮೂರೂವರೆ ಸಾವಿರದಷ್ಟು ಪೆಟ್ರೋಲು, ಟೋಲು, ಊಟ. ಹನ್ನೆರಡು ಹದಿಮೂರು ಸಾವಿರಕ್ಕೆ ಮುಗಿಯುತ್ತದೆ. ಜಮೀನಿನ ಬೆಲೆ ಏರುತ್ತದಲ್ಲ ಎನ್ನುತ್ತೀರಿ. ಏರಬಹುದು. ಆದರೆ ಬೇಕೆಂದ ದಿನ ಅರ್ಧ ಎಕರೆ ಮಾರಿ ಆಸ್ಪತ್ರೆ ಬಿಲ್ಲು ಕಟ್ಟಲಾಗುವುದಿಲ್ಲ. ಹಾಗೆ ತುಂಡು ಮಾರಬೇಕೆಂದರೂ 11ಇ ನಕ್ಷೆಗೆ ಅರ್ಜಿ ಹಾಕಿ ಸರ್ವೆಯವರ ದಾರಿ ಕಾಯಬೇಕು.

ಜಮೀನು ಬೇಡ ಎನ್ನುವುದು ನನ್ನ ವಾದವಲ್ಲ. ಕೊಳ್ಳುವವರು ಪಹಣಿ, ಮ್ಯುಟೇಷನ್, ಋಣಭಾರ ಪತ್ರ ಎಲ್ಲವನ್ನೂ ನೋಡುತ್ತಾರೆ, ವಕೀಲರಿಗೂ ತೋರಿಸುತ್ತಾರೆ. ಆದರೆ ಅಲ್ಲಿನ ರಾತ್ರಿ ಹೇಗಿರುತ್ತದೆ ಎಂಬುದು ಯಾವ ದಾಖಲೆಯಲ್ಲೂ ಇರುವುದಿಲ್ಲ.

ನಾವು ಮಲಗಿದ್ದು ಸೋದರಮಾವನ ಅಡಿಕೆ ಕಣದ ಪಕ್ಕ, ದೀಪಾವಳಿ ಆಸುಪಾಸಿನಲ್ಲಿ. ಟೆಂಟಿನ ಚೀಲ ನೋಡಿ ಮಾವ ನಕ್ಕಿದ್ದೇ ನಕ್ಕಿದ್ದು. ‘ಏನ್ ಅಳಿಯಾ, ಮನೆ ಐತೆ, ಮಂಚ ಐತೆ, ಫ್ಯಾನ್ ಐತೆ. ಸೊಳ್ಳೆ ಕೈಲಿ ಕಚ್ಚಿಸ್ಕೊಳ್ಳಾಕೆ ಬೆಂಗ್ಳೂರಿಂದ ಬಂದ್ಯಾ?’ ಹೀಗೆಂದವರು ಊಟವಾದ ಮೇಲೆ ತಾವೂ ಕಂಬಳಿ ಹೆಗಲಿಗೆ ಹಾಕಿಕೊಂಡು ಕಣಕ್ಕೇ ಬಂದರು. ಚನ್ನಗಿರಿ ಸೀಮೆಯಲ್ಲಿ ಕೊಯ್ಲಿನ ಕಾಲಕ್ಕೆ ಮನೆಯೊಳಗೆ ಮಲಗುವ ಗಂಡಸರು ಕಡಿಮೆ. ಬೇಯಿಸಿ ಹರವಿದ ಕೆಂಪಡಿಕೆ ಒಣಗುವವರೆಗೆ ಕಾಯಲೇಬೇಕು. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ ಐವತ್ತು ಸಾವಿರದ ಆಸುಪಾಸು ಓಡಾಡಿದೆ. ಇಪ್ಪತ್ತು ಕ್ವಿಂಟಲ್ ಹರವಿದ್ದರೆ ಹತ್ತು ಲಕ್ಷ ಬಯಲಲ್ಲಿ ಬಿದ್ದಿದೆ ಎಂದೇ ಅರ್ಥ. ನಾವು ಬೆಂಗಳೂರಿನಲ್ಲಿ ಸ್ಕೂಟರಿಗೆ ಎರಡು ಬೀಗ ಹಾಕುವವರು.

ಆ ಕಣದಿಂದ ಒಂದು ಕೂಗಿನ ದೂರದಲ್ಲಿ ಮಾರಾಟಕ್ಕಿದ್ದ ಜಮೀನೊಂದನ್ನು ದಲ್ಲಾಳಿಯೊಬ್ಬರು ಹಗಲಲ್ಲಿ ನಮಗೆ ತೋರಿಸಿದ್ದರು. ಮೋಟಾರು ಹಾಕಿಸಿ, ಪೈಪಿನ ಬಾಯಿ ತುಂಬಿ ಬೀಳುವ ನೀರಿಗೆ ಕೈಯೊಡ್ಡಿಸಿ, ‘ಎರಡಿಂಚು ನೀರು ಸಾರ್’ ಎಂದಿದ್ದರು. ರಾತ್ರಿ ಒಂದರ ಸುಮಾರಿಗೆ ತ್ರೀಫೇಸ್ ಕರೆಂಟು ಬಂತು. ಆಟೋ ಸ್ಟಾರ್ಟರುಗಳು ಟಕ್ಕೆಂದವು, ಸುತ್ತಲ ತೋಟಗಳ ಮೋಟಾರುಗಳೆಲ್ಲ ಒಟ್ಟಿಗೆ ಎದ್ದವು. ಆ ಎರಡಿಂಚಿನ ಬೋರು ಮುಕ್ಕಾಲು ಗಂಟೆ ಚೆನ್ನಾಗಿ ಓಡಿತು. ಆಮೇಲೆ ನೀರಿನ ಜೊತೆ ಗಾಳಿ ಉಗುಳತೊಡಗಿತು, ಕೊನೆಗೆ ಬರೀ ಗಾಳಿ. ಮಾವ ಕಂಬಳಿಯೊಳಗಿಂದಲೇ ‘ಬಿಟ್ಟು ಬಿಟ್ಟು ಎತ್ತಬೇಕು ಅದನ್ನ’ ಎಂದರು. ಹಗಲೆಲ್ಲ ವಿಶ್ರಾಂತಿ ಪಡೆದ ಬೋರಿನಲ್ಲಿ ನೀರು ಏರಿ ನಿಂತಿರುತ್ತದೆ. ಹತ್ತು ನಿಮಿಷದ ಪರೀಕ್ಷೆಯಲ್ಲಿ ಎಲ್ಲ ಬೋರೂ ಪಾಸಾಗುತ್ತವೆ.

ಇನ್ನೂ ಒಂದೆರಡು ಸಂಗತಿ ಆ ರಾತ್ರಿಯೇ ತಿಳಿದವು. ಪಕ್ಕದ ಮೆಕ್ಕೆಜೋಳಕ್ಕೆ ಹಂದಿ ಬರುತ್ತವೆ, ಅವನ್ನು ಓಡಿಸಲು ಪಟಾಕಿ ಹೊಡೆಯುತ್ತಾರೆ, ಎರಡು ಸಲ ಬೆಚ್ಚಿ ಎದ್ದೆವು. ಮೊಬೈಲ್ ಸಿಗ್ನಲ್ಲು ಬೇಕಾದರೆ ಬದುವಿನ ಹುಣಸೆಮರದ ತನಕ ನಡೆಯಬೇಕು. ಮುಖ್ಯವಾದದ್ದು ಬಂಡಿದಾರಿ: ಮಾರಾಟದ ಜಮೀನಿಗೆ ಹೋಗುವ ದಾರಿ ಇನ್ನೊಬ್ಬರ ಹೊಲದ ಮೇಲಿದೆ, ಅದು ಗ್ರಾಮನಕ್ಷೆಯಲ್ಲಿಲ್ಲ, ಬರೀ ಬಾಯಿಮಾತಿನ ಒಪ್ಪಿಗೆ. ಇದನ್ನು ಹೇಳಿದ್ದು ಮಾವನ ಜೊತೆ ಬೀಡಿ ಸೇದಲು ಬಂದ ಪಕ್ಕದ ಕಣದವರು. ಹಗಲಲ್ಲಿ ದಲ್ಲಾಳಿಯ ಎದುರು ಯಾರೂ ಯಾರ ಜಮೀನಿನ ಹುಳುಕನ್ನೂ ಆಡುವುದಿಲ್ಲ. ರಾತ್ರಿ ಮಾತಿಗೆ ಪುರುಸೊತ್ತಿರುತ್ತದೆ.

ಬೆಳಗಿನ ಜಾವ ನಮ್ಮ ಮನೆಯವರು ಟಾರ್ಚು ಹಿಡಿದು ಹೊರಗೆ ಹೋಗಿ ಬಂದವರೇ ಹೇಳಿದರು: ‘ಬಂದು ಹೋಗೋಕೆ ಚೆನ್ನಾಗಿದೆ ರೀ. ಇರೋಕೆ ನನ್ನ ಕೈಲಾಗಲ್ಲ.’ ಮೂವತ್ತು ಲಕ್ಷ ಕೊಟ್ಟ ಮೇಲೆ ಕೇಳಬೇಕಾಗಿದ್ದ ಮಾತು ಟೆಂಟಿನ ಖರ್ಚಿನಲ್ಲೇ ಸಿಕ್ಕಿತು. ಮಗಳು ಮಾತ್ರ ಏಳುವವರೆಗೂ ಮಗ್ಗುಲು ಬದಲಿಸಿರಲಿಲ್ಲ.

ಇನ್ನು ಟೆಂಟಿನ ಖರ್ಚು. ಇಬ್ಬರು ಮೂವರು ಮಲಗುವ ಸಾಧಾರಣ ಟೆಂಟು ಮೂರರಿಂದ ಐದು ಸಾವಿರದೊಳಗೆ ಸಿಗುತ್ತದೆ. 4,000ದ ಟೆಂಟನ್ನು ವರ್ಷಕ್ಕೆರಡು ರಾತ್ರಿಯಂತೆ ಐದು ವರ್ಷ ಬಳಸಿದರೆ ರಾತ್ರಿಗೆ 400 ಬೀಳುತ್ತದೆ. ಒಂದೇ ಸಲ ಬಳಸಿ ಅಟ್ಟಕ್ಕೆ ಹಾಕಿದರೆ ಆ ರಾತ್ರಿಗೆ 4,000, ದಾವಣಗೆರೆಯಲ್ಲಿ ಒಳ್ಳೆಯ ಹೋಟೆಲೇ ಸಿಗುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಯವರು ಸೇರಿ ಒಂದು ಕೊಂಡಿದ್ದೇವೆ. ಅದರ ಮಡಚುವ ಕುರ್ಚಿ, ದೀಪ, ಗಾಳಿಹಾಸಿಗೆಗಳಿಗೆ ‘ಬಡ್ಡಿಯಿಲ್ಲದ ಕಂತು’ ಎಂದು ಆಸೆ ತೋರಿಸುತ್ತಾರೆ. ಆ ಕಂತಿನ ಒಳಗೆ ಅಡಗಿರುವ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಬಿಲ್ಲು ಬಂದಾಗ ನೋಡಿ. ಕೆಳಗೆ ಹಾಸಲು ತಾಡಪಾಲು ಯಾವ ರೈತರ ಮನೆಯಲ್ಲೂ ಇರುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಗೆ ಕೊಡುವ 8×6 ಮೀಟರಿನದು ಮೂರು ಟೆಂಟಿಗೆ ಸಾಕು. ಊರಿಗೆ ಬಸ್ಸಿನಲ್ಲಿ ಹೋದರೆ, 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ, ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ನಮ್ಮ ಮನೆಯ ಮೂರರಲ್ಲಿ ಎರಡು ಟಿಕೆಟ್ಟು ಉಳಿಯಿತು.

ಊರು, ಮಾವ ಯಾರೂ ಇಲ್ಲದವರು ದುಡ್ಡು ಕೊಟ್ಟು ಕ್ಯಾಂಪಿಗೆ ಹೋಗುತ್ತಾರೆ. ಅವರಿಗೊಂದು ಲೆಕ್ಕ. ಜಿಎಸ್‌ಟಿಯಲ್ಲಿ ಕ್ಯಾಂಪ್‌ಸೈಟು ಕೂಡ ಹೋಟೆಲ್ ವಾಸ್ತವ್ಯವೇ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ಬಾಡಿಗೆಗೆ ಶೇ 5, ಅದನ್ನು ಮೀರಿದರೆ ಶೇ 18. 7,500ರ ಟೆಂಟಿಗೆ ಒಟ್ಟು 7,875 ಕೊಡುತ್ತೀರಿ, 8,000ದ್ದಕ್ಕೆ 9,440. ಐನೂರರ ಅಂತರ ಸಾವಿರದೈನೂರು ದಾಟಿತು. ಎ.ಸಿ., ಮಂಚ, ಕನ್ನಡಿ ಇರುವ ಟೆಂಟು ನನ್ನ ಪ್ರಕಾರ ಬಟ್ಟೆಯ ಗೋಡೆಯ ಹೋಟೆಲು. ಅಲ್ಲಿ ಮಲಗಿದರೆ ಜಮೀನಿನ ಬಗ್ಗೆ ಏನೂ ತಿಳಿಯುವುದಿಲ್ಲ.

ನಂಟರ ಹೊಲದಲ್ಲಿ ಮಲಗಿದ್ದು ಬಿಟ್ಟಿ ಎಂದು ಬರೆದುಕೊಳ್ಳಬೇಡಿ. ಜಾಗ ಸವರಿ ಕೊಟ್ಟ ಆಳಿಗೆ ಕೂಲಿ, ನೀರು, ಬೆಳಗಿನ ರೊಟ್ಟಿ, ಎಲ್ಲ ಅವರ ಖರ್ಚು. ಮಾವನ ಕೈಗೆ ನೋಟು ಕೊಡಲು ಹೋದರೆ ಮುಖ ತಿರುಗಿಸುತ್ತಾರೆ, ಅತ್ತೆ ಬೈಯುತ್ತಾರೆ. ನಾನು ಆಳಿನ ಆ ದಿನದ ಕೂಲಿಯನ್ನು ನೇರ ಅವನಿಗೇ ಕೊಡುತ್ತೇನೆ. ಅಡಿಕೆ ಸುಲಿಯಲು ಬಂದವರಿಗೆಲ್ಲ ಒಂದು ಹೊತ್ತಿನ ಚಹಾ, ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರಿಸುತ್ತೇನೆ. ಮನೆಗೆ ದಿನಸಿಯನ್ನು ಬೆಂಗಳೂರಿನಿಂದ ಹೊರದೆ ಸಂತೇಬೆನ್ನೂರಿನ ಅಂಗಡಿಯಲ್ಲೇ ಕೊಳ್ಳುತ್ತೇನೆ.

ಇದೇ ಸೀಮೆಯಲ್ಲಿ ಬಯಲಲ್ಲಿ ಬೀಡು ಬಿಟ್ಟದ್ದಕ್ಕೆ ದುಡ್ಡು ಪಡೆಯುವವರೂ ಇದ್ದಾರೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ನಿಲ್ಲಿಸಿದರೆ ರೈತ ರಾತ್ರಿಯ ಲೆಕ್ಕದಲ್ಲಿ ಕುರಿಗಾಹಿಗಳಿಗೆ ಹಣವನ್ನೋ ಕಾಳನ್ನೋ ಕೊಡುತ್ತಾನೆ. ಜಗಳೂರಿನ ಒಣಬಯಲಿನಿಂದ ಹೊನ್ನಾಳಿಯ ನೀರಾವರಿಯವರೆಗೆ ಯಾವ ಹೊಲದಲ್ಲಿ ಮಳೆನೀರು ನಿಲ್ಲುತ್ತದೆ, ಎಲ್ಲಿ ಹಾವು ಹೆಚ್ಚು, ಯಾವ ಯಜಮಾನ ನೆರೆಯವರೊಡನೆ ಕೋರ್ಟಿನಲ್ಲಿದ್ದಾನೆ, ಎಲ್ಲ ಅವರಿಗೆ ಗೊತ್ತು. ಜಮೀನು ವಿಚಾರಿಸುವವರು ದಲ್ಲಾಳಿಗಿಂತ ಮೊದಲು ಇವರನ್ನು ಕೇಳಬೇಕು.

ಹಾವು ಎಂದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಅಧಿಸೂಚನೆ ಹೊರಡಿಸಿತು. ಮಲಗುವ ಮುನ್ನ ಪ್ರತಿವಿಷ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತು ಎಂದು ವಿಚಾರಿಸಿಕೊಳ್ಳಿ. ಜಮೀನು ಕೊಳ್ಳುವವರಿಗೂ ಅದು ಬೇಕಾದ ಮಾಹಿತಿಯೇ. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿದುಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಪರಿಹಾರವಿದೆ. ಹಾವು ಕಡಿತವೂ ಅದರಲ್ಲಿ ಸೇರುತ್ತದೆ, ಆದರೆ ಆಸ್ಪತ್ರೆಯ ದಾಖಲೆ ಬೇಕು. ನಾಟಿ ಔಷಧಿಯ ಬೆನ್ನು ಹತ್ತಿದರೆ ಜೀವಕ್ಕೂ ಕುತ್ತು, ಕ್ಲೇಮಿಗೂ ಕುತ್ತು.

ಎಲ್ಲೆಂದರಲ್ಲಿ ಟೆಂಟು ಹೂಡುವಂತಿಲ್ಲ. ಹೊಂಡ, ಮುಸಾಫಿರ್‌ಖಾನ ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ದಾರಿಹೋಕರಿಗೆಂದು ಹೆಸರಿಟ್ಟ ಕಟ್ಟಡದಲ್ಲಿ ಇಂದಿನ ದಾರಿಹೋಕರಿಗೆ ರಾತ್ರಿ ಜಾಗವಿಲ್ಲ. ಜಗಳೂರಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗಳ ಅಭಯಾರಣ್ಯ, ಅನುಮತಿಯಿಲ್ಲದೆ ಒಳಗೆ ಉಳಿಯುವಂತಿಲ್ಲ. ಸೂಳೆಕೆರೆಯ ದಂಡೆ ಕಣ್ಣಿಗೆ ಹಬ್ಬ; ಹಾಗೆಂದು ಕೆರೆಯಂಗಳ ಯಾರೊಬ್ಬರ ಸ್ವತ್ತೂ ಅಲ್ಲ. ಗುಂಪಿನಲ್ಲಿ ಬಯಲಲ್ಲಿ ಮಲಗಿ ಅಭ್ಯಾಸವಾಗಬೇಕೆಂದರೆ ಫೆಬ್ರುವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ, ಸೇವಾಲಾಲರ ಜಯಂತಿಗೆ ಹೋಗಿ ನೋಡಿ. ನಡೆದು ಬಂದ ಬಂಜಾರ ಮಾಲಾಧಾರಿಗಳು ಒಂದು ಚೀಲ, ಒಂದು ಹೊದಿಕೆಯಲ್ಲಿ ರಾತ್ರಿ ಕಳೆಯುತ್ತಾರೆ. ನಮ್ಮ ಟೆಂಟಿನ ಚೀಲದಲ್ಲಿ ಎಷ್ಟು ಬೇಡದ್ದಿದೆ ಎಂದು ನನಗೆ ಕಂಡದ್ದು ಅಲ್ಲಿ.

ಜಮೀನು ಇನ್ನೂ ಕೊಂಡಿಲ್ಲ. ಬೇರೆ ಕಡೆ, ದಾರಿಯ ತಕರಾರಿಲ್ಲದ ಒಂದು ತುಂಡನ್ನು ಅದೇ ದಲ್ಲಾಳಿ ತೋರಿಸಿದ್ದಾರೆ, ಯುಗಾದಿಗೆ ರೇಟು ಏರುತ್ತದೆ ಎಂದು ಫೋನು ಮಾಡುತ್ತಿರುತ್ತಾರೆ. ಏರಲಿ ಎಂದಿದ್ದೇನೆ. 2024ರ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯವರು ತೋಟ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡು ಹಾಯಿಸಿದರು. ಅಂಥ ಏಪ್ರಿಲ್ ತಿಂಗಳಲ್ಲಿ ಅಲ್ಲೊಂದು ರಾತ್ರಿ ಮಲಗಿ, ಬೋರು ಎಷ್ಟು ಹೊತ್ತು ಓಡುತ್ತದೆ ಎಂದು ಗಡಿಯಾರ ಹಿಡಿದು ನೋಡದೆ ಮುಂಗಡ ಕೊಡುವುದಿಲ್ಲ. ಟೆಂಟಿನ ಸರದಿ ಆ ವಾರ ಮೂರನೇ ಮಹಡಿಯವರದು. ಅವರನ್ನು ಈಗಲೇ ಕೇಳಿಟ್ಟಿದ್ದೇನೆ.