6 ವೋಲ್ಟಿನ ಹಳೇ ಜೀಪಿಗೆ 12 ವೋಲ್ಟ್: ಸೆಲ್ಫ್ ಮೋಟರ್ ತಡೆಯುತ್ತಾ?

ಜುಲೈ ತಿಂಗಳ ಬೆಳಗ್ಗೆ. ಹೊರಗೆ ಮಳೆ ಬಿಟ್ಟಿಲ್ಲ. ತೋಟಕ್ಕೆ ಗೊಬ್ಬರದ ಮೂಟೆ ಹೋಗಬೇಕು. ಅಜ್ಜನ ಕಾಲದ ಪೆಟ್ರೋಲ್ ಜೀಪಿನ ಸೆಲ್ಫ್ ಒತ್ತಿದರೆ "ಊಂ... ಊಂ..." ಅಂತ ಎರಡು ಸುತ್ತು ಎಳೆದು ಸುಮ್ಮನಾಗುತ್ತೆ. ಪಕ್ಕದಲ್ಲಿ ನಿಂತವರು ಹೇಳೋದು ಒಂದೇ ಮಾತು: "6 ವೋಲ್ಟ್ ಬಿಸಾಕಿ, 12 ವೋಲ್ಟ್ ಬ್ಯಾಟರಿ ಹಾಕ್ಬಿಡಿ, ಹಾರಿಕೊಂಡು ಸ್ಟಾರ್ಟ್ ಆಗುತ್ತೆ."

ಮಾತು ಸುಳ್ಳಲ್ಲ, ಸ್ಟಾರ್ಟ್ ಆಗುತ್ತೆ. ಆದರೆ ಹಾಗೇ ಬ್ಯಾಟರಿ ಬದಲಿಸಿ ಕೈ ತೊಳೆದುಕೊಂಡರೆ ಒಂದು ದಿನ ಫ್ಲೈವೀಲ್ ರಿಂಗಿನ ಹಲ್ಲು ಮುರಿಯಬಹುದು. ಆ ರಿಂಗ್ ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕು. ಕೆಲಸದ ಸಮಯದಲ್ಲಿ ಗಾಡಿ ಶೆಡ್ಡಿನಲ್ಲೇ ಕೂರುತ್ತೆ. ಅದಕ್ಕೇ ಈ ವಾರ, ಯಾವಾಗ ಬದಲಿಸಬೇಕು, ಹೇಗೆ ಬದಲಿಸಬೇಕು ಅಂತ ನೋಡೋಣ.

6 ವೋಲ್ಟ್ ಯಾಕಿತ್ತು?

ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ಎಂಜಿನ್ 2.2 ಲೀಟರಿನದು, ನಾಲ್ಕು ಸಿಲಿಂಡರ್, ಕಂಪ್ರೆಷನ್ ಸುಮಾರು 6.5ಕ್ಕೆ 1 ಮಾತ್ರ. ಇಷ್ಟು ಕಡಿಮೆ ಕಂಪ್ರೆಷನ್ ಎಂಜಿನ್ ತಿರುಗಿಸಲು 6 ವೋಲ್ಟ್ ಸಾಕಾಗಿತ್ತು. 1947ರಿಂದ 1952ರವರೆಗೆ ಅಮೆರಿಕದಲ್ಲಿ ತಯಾರಾದ ಫೋರ್ಡ್ 8ಎನ್ ಟ್ರ್ಯಾಕ್ಟರ್ ಕೂಡ 6 ವೋಲ್ಟಿನದೇ. 1950ರ ದಶಕದ ಮಧ್ಯದಲ್ಲಿ ದೊಡ್ಡ, ಹೆಚ್ಚು ಕಂಪ್ರೆಷನ್ ಇರುವ ಎಂಜಿನ್ ಬಂದಾಗ ಅಮೆರಿಕದ ಕಾರುಗಳು 12 ವೋಲ್ಟಿಗೆ ಬದಲಾದವು.

ಅಂದರೆ ಹೊಸದಿದ್ದಾಗ ನಿಮ್ಮ ಜೀಪು 6 ವೋಲ್ಟಿನಲ್ಲೇ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು. ಈಗ ಆಗುತ್ತಿಲ್ಲ ಅಂದರೆ ಮಧ್ಯೆ ಏನೋ ಕೆಟ್ಟಿದೆ. ಮೊದಲು ಅದನ್ನು ಹುಡುಕಿ.

(ನಿಮ್ಮ ಜೀಪಿಗೆ ಯಾರೋ ಆಗಲೇ ಡೀಸೆಲ್ ಎಂಜಿನ್ ಕೂರಿಸಿದ್ದರೆ ಅದು 12 ವೋಲ್ಟೇ ಇರುತ್ತೆ. ಬ್ಯಾಟರಿ ಮೇಲೆ ಮೂರು ಮುಚ್ಚಳ ಇದ್ದರೆ 6 ವೋಲ್ಟ್, ಆರು ಇದ್ದರೆ 12.)

ಕರೆಂಟಿನ ಲೆಕ್ಕ

ಒಂದೇ ಕೆಲಸಕ್ಕೆ 6 ವೋಲ್ಟಿನಲ್ಲಿ 12 ವೋಲ್ಟಿಗಿಂತ ಎರಡರಷ್ಟು ಆಂಪಿಯರ್ ಬೇಕು. ಕೊಳೆ ಕೂತ ಟರ್ಮಿನಲ್, ತುಕ್ಕು ಹಿಡಿದ ಅರ್ತ್, ಹಳೇ ಕೇಬಲ್ ಎಲ್ಲ ಸೇರಿ 0.005 ಓಮ್ ತಡೆ ಇದೆ ಅಂದುಕೊಳ್ಳಿ. ಬಹಳ ಸಣ್ಣ ಸಂಖ್ಯೆ. ಆದರೆ ಸೆಲ್ಫ್ 200 ಆಂಪಿಯರ್ ಎಳೆದಾಗ ಅಲ್ಲಿ 1 ವೋಲ್ಟ್ ಕಳೆದುಹೋಗುತ್ತೆ. 6ರಲ್ಲಿ 1 ಹೋದರೆ ನೂರಕ್ಕೆ 17 ಪಾಲು ಹೋದಂತೆ. ಅದೇ ಕೆಲಸಕ್ಕೆ 12 ವೋಲ್ಟಿನಲ್ಲಿ 100 ಆಂಪಿಯರ್ ಸಾಕು. ಕಳೆಯೋದು ಅರ್ಧ ವೋಲ್ಟ್, ನೂರಕ್ಕೆ 4 ಪಾಲು. 12 ವೋಲ್ಟ್ ಹಾಕಿದ ಕೂಡಲೇ ಗಾಡಿ "ಸರಿಹೋಯ್ತು" ಅನ್ನಿಸೋದು ಇದಕ್ಕೇ. ರೋಗ ಹಾಗೇ ಇರುತ್ತೆ, ನೋವು ಮಾತ್ರ ಕಾಣಲ್ಲ.

ಮೊದಲು ಈ ಪರೀಕ್ಷೆ ಮಾಡಿ

ಒಂದು ಮಲ್ಟಿಮೀಟರ್, ನಿಮ್ಮ ಫೋನ್, ಜೊತೆಗೆ ಒಬ್ಬರು ಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಇಗ್ನಿಷನ್ ಆಫ್ ಇರಲಿ. ವಿಲ್ಲಿಸ್ ಜೀಪಿನಲ್ಲಿ ಸೆಲ್ಫಿಗೆ ಕಾಲಿನ ಸ್ವಿಚ್ ಇರೋದರಿಂದ ಇಗ್ನಿಷನ್ ಆಫ್ ಇದ್ದರೂ ಸೆಲ್ಫ್ ತಿರುಗುತ್ತೆ, ಎಂಜಿನ್ ಮಾತ್ರ ಹತ್ತಲ್ಲ. ಮೀಟರ್ ಡಿಸಿ 20 ವೋಲ್ಟಿಗೆ ಇಟ್ಟು, ಸೆಲ್ಫ್ ತಿರುಗುವಾಗ ಮೀಟರನ್ನು ಫೋನಿನಲ್ಲಿ ವಿಡಿಯೋ ಮಾಡಿ. ಅಂಕಿ ಓಡುತ್ತಿರುತ್ತೆ, ಆಮೇಲೆ ನಿಲ್ಲಿಸಿ ನೋಡಬಹುದು.

1. ಬ್ಯಾಟರಿಯ ಎರಡು ಕಂಬಗಳ ಮಧ್ಯೆ: ಸುಮ್ಮನೆ ಇದ್ದಾಗ 6.3 ವೋಲ್ಟ್ ಹತ್ತಿರ ಇರಬೇಕು. ತಿರುಗುವಾಗ 4.8ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಒಳಗೇ ತೊಂದರೆ ಇದೆ.
2. ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫಿನ ಬೋಲ್ಟಿಗೆ: ತಿರುಗುವಾಗ ಬರುವ ಅಂಕಿಯೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಕಾಲು ವೋಲ್ಟ್ ದಾಟಬಾರದು.
3. ಬ್ಯಾಟರಿಯ ಮೈನಸ್ ಕಂಬದಿಂದ ಸೆಲ್ಫಿನ ಮೈಗೆ: ಇಲ್ಲೂ ಕಾಲು ವೋಲ್ಟೇ ಮಿತಿ.

ಕಡ್ಡಿಯನ್ನು ಕ್ಲ್ಯಾಂಪಿಗಲ್ಲ, ಕಂಬಕ್ಕೇ ಇಡಿ. 2 ಅಥವಾ 3ರಲ್ಲಿ ಹೆಚ್ಚು ಬಂದರೆ ಕ್ಲ್ಯಾಂಪ್, ಲಗ್, ಅರ್ತ್ ಕೂರುವ ಜಾಗ ಎಲ್ಲವನ್ನೂ ಉಪ್ಪುಕಾಗದದಿಂದ ಉಜ್ಜಿ. ಕಾರಿನ ತೆಳು ಕೇಬಲ್ ಹಾಕಿದ್ದರೆ ತೆಗೆದು 50 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿ. ಸೆಲ್ಫ್ ಬಿಚ್ಚಿಸಿ ಕಾರ್ಬನ್ ಬ್ರಷ್, ಬುಶ್ ನೋಡಿಸಿ. ಎಷ್ಟೋ ಗಾಡಿ ಇಷ್ಟಕ್ಕೇ ಸರಿಹೋಗುತ್ತೆ. ಹಾಗಾದರೆ ಖರ್ಚು ಅಲ್ಲಿಗೇ ನಿಲ್ಲಿಸಿ.

ಹಾಗಾದರೆ 12 ವೋಲ್ಟ್ ಯಾರಿಗೆ ಬೇಕು?

6 ವೋಲ್ಟ್ ಬ್ಯಾಟರಿ ನಿಮ್ಮ ಊರಲ್ಲಿ ಸಿಗದಿದ್ದರೆ, ರಾತ್ರಿ ಒಳ್ಳೆ ಲೈಟ್ ಬೇಕಿದ್ದರೆ, ಬೇರೆ ಗಾಡಿಯಿಂದ ಜಂಪ್ ಕೊಡುವ ಅನುಕೂಲ ಬೇಕಿದ್ದರೆ ಬದಲಿಸೋದು ನ್ಯಾಯ.

12 ವೋಲ್ಟ್ ಕೊಟ್ಟಾಗ ಸೆಲ್ಫಿಗೆ ಏನಾಗುತ್ತೆ?

ತಿರುಗಲು ಹೊರಡುವ ಕ್ಷಣದಲ್ಲಿ ಕರೆಂಟ್ ಸುಮಾರು ಎರಡು ಪಟ್ಟಾಗುತ್ತೆ. ಕರೆಂಟ್ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟು. ಮೂರು ಸೆಕೆಂಡಿನಲ್ಲಿ ಎಂಜಿನ್ ಹತ್ತಿದರೆ ಆ ಬಿಸಿ ಲೆಕ್ಕಕ್ಕಿಲ್ಲ. ಅರ್ಧ ನಿಮಿಷ ಒತ್ತಿ ಹಿಡಿದರೆ ಬೆಸುಗೆ ಕರಗಬಹುದು, ಕಾಯಿಲ್ ಸುಡಬಹುದು.

ಇನ್ನೊಂದು ಪೆಟ್ಟು ಬೆಂಡಿಕ್ಸಿಗೆ. ಸೆಲ್ಫ್ ತಿರುಗುವ ರಭಸಕ್ಕೆ ಬೆಂಡಿಕ್ಸ್ ಮುಂದೆ ಜಾರಿ ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಳ್ಳುತ್ತೆ. ರಭಸ ಹೆಚ್ಚಾದರೆ ಕಚ್ಚುವ ಪೆಟ್ಟೂ ಹೆಚ್ಚು. ಮೊದಲು ಬೆಂಡಿಕ್ಸ್ ಸ್ಪ್ರಿಂಗ್ ಹೋಗುತ್ತೆ, ಆಮೇಲೆ ರಿಂಗಿನ ಹಲ್ಲು.

ನಿಮ್ಮ ಮುಂದಿರುವ ಎರಡು ದಾರಿ

*ದಾರಿ ಒಂದು: ಸೆಲ್ಫ್ ಹಾಗೇ ಬಿಡೋದು.* ವರ್ಷಕ್ಕೆ ನಾಲ್ಕೈದು ಸಲ ಹೊರತೆಗೆಯುವ ಗಾಡಿಗೆ ಇದು ನಡೆಯುತ್ತೆ. ಒಂದೇ ನಿಯಮ: 3ರಿಂದ 5 ಸೆಕೆಂಡ್ ಒತ್ತಿ, ಹತ್ತದಿದ್ದರೆ ಬಿಡಿ, ಒಂದು ನಿಮಿಷ ಕಾಯಿರಿ. ಮೂರು ಸಲಕ್ಕೂ ಹತ್ತದಿದ್ದರೆ ತಪ್ಪು ಸೆಲ್ಫಿನದಲ್ಲ. ಪ್ಲಗ್, ಪಾಯಿಂಟ್, ಪೆಟ್ರೋಲ್ ನೋಡಿ.

*ದಾರಿ ಎರಡು: ಫೀಲ್ಡ್ ಕಾಯಿಲ್ ಬದಲಿಸೋದು.* ದಿನಾ ಓಡುವ ಗಾಡಿಗೆ ಇದೇ ಸರಿ. ನಾಲ್ಕು ಫೀಲ್ಡ್ ಕಾಯಿಲ್ ಇರುವ ಕೆಲವು 6 ವೋಲ್ಟ್ ಸೆಲ್ಫ್‌ಗಳಲ್ಲಿ ಎರಡೆರಡರ ಜೋಡಿ ಮಾಡಿ ಪ್ಯಾರಲಲ್ ಕೊಟ್ಟಿರುತ್ತಾರೆ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಸೀರೀಸ್ ಮಾಡಿದರೆ ಪ್ರತಿ ಕಾಯಿಲಿನಲ್ಲೂ ಪೂರ್ತಿ ಕರೆಂಟ್ ಹರಿದು ಅಯಸ್ಕಾಂತ ಬಲವಾಗುತ್ತೆ. ಆಗ 12 ವೋಲ್ಟಿನಲ್ಲೂ ಸೆಲ್ಫ್ ಮಿತಿಮೀರಿ ಓಡಲ್ಲ, ಎಳೆತ ಹೆಚ್ಚುತ್ತೆ. ನಿಮ್ಮದರಲ್ಲಿ ಆ ಜೋಡಣೆ ಇಲ್ಲದಿದ್ದರೆ 12 ವೋಲ್ಟಿಗೆ ಹೊಸದಾಗಿ ಸುತ್ತಿದ ಕಾಯಿಲ್ ಹಾಕಿಸಬೇಕು. ಎರಡೂ ರಿವೈಂಡಿಂಗ್ ಅಂಗಡಿಯವರ ಕೆಲಸ. ಬಿಚ್ಚುವ ಮೊದಲು ಪ್ರತಿ ಹಂತದ ಫೋಟೋ ತೆಗೆಯಿರಿ, ಅವರನ್ನು ಮೂರು ಪ್ರಶ್ನೆ ಕೇಳಿ:

- ಕಾಯಿಲ್‌ಗಳ ಧ್ರುವ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಒಂದು ಬಿಟ್ಟು ಒಂದು ಬಂದಿದೆಯಾ?
- ಹೊಸ ಜೋಡಣೆಗೆ ತಕ್ಕಂತೆ ಬ್ರಷ್ ವೈರ್ ಬದಲಿಸಿದ್ದೀರಾ?
- ಜೋಡಿಸಿದ ಕಡೆ ಬಿಸಿಗೆ ಬಿಡದ ಹಾಗೆ ಬೆಸುಗೆ ಆಗಿದೆಯಾ?

ಗಾಡಿಗೆ ಕೂರಿಸದೆ, ನೆಲದ ಮೇಲಿಟ್ಟ 6 ವೋಲ್ಟ್ ಸೆಲ್ಫಿಗೆ 12 ವೋಲ್ಟ್ ಕೊಟ್ಟು ಪರೀಕ್ಷೆ ಮಾಡಬೇಡಿ. ಭಾರ ಇಲ್ಲದೆ ಇಂಥ ಮೋಟರ್ ವಿಪರೀತ ವೇಗ ಹಿಡಿಯುತ್ತೆ, ಆರ್ಮೇಚರಿನ ತಂತಿ ಕಿತ್ತು ಬರಬಹುದು.

ಜೊತೆಗೆ ಬದಲಾಗಬೇಕಾದವು

- ಎಲ್ಲ ಬಲ್ಬ್: 12 ವೋಲ್ಟಿನವು.
- ಇಗ್ನಿಷನ್ ಕಾಯಿಲ್: 12 ವೋಲ್ಟಿನದು ಹಾಕಿ. ಹಳೇದನ್ನೇ ಉಳಿಸಿದರೆ ಸುಮಾರು 1.5 ಓಮಿನ ಬ್ಯಾಲಸ್ಟ್ ರೆಸಿಸ್ಟರ್ ಬೇಕು.
- ಡೈನಮೊ, ರೆಗ್ಯುಲೇಟರ್: 6 ವೋಲ್ಟಿನವು 12 ವೋಲ್ಟ್ ಬ್ಯಾಟರಿಯನ್ನು ಚಾರ್ಜ್ ಮಾಡಲ್ಲ. 12 ವೋಲ್ಟ್ ಆಲ್ಟರ್ನೇಟರ್ ಬೇಕು.
- ಪೆಟ್ರೋಲ್ ಮೀಟರ್: ವೋಲ್ಟೇಜ್ ಇಳಿಸುವ ಸಾಧನ ಹಾಕಿ, ಇಲ್ಲದಿದ್ದರೆ ಸುಡುತ್ತೆ.
- ಸೆಲ್ಫ್ ಸೊಲೆನಾಯ್ಡ್: ಫೋರ್ಡ್ 8ಎನ್‌ನಂಥ ಟ್ರ್ಯಾಕ್ಟರಿನಲ್ಲಿ ಇದೆ, ಬದಲಿಸಿ. ಜೀಪಿನ ಕಾಲಿನ ಸ್ವಿಚ್ ಹಾಗೇ ನಡೆಯುತ್ತೆ.

8ಎನ್‌ನಲ್ಲಿ ಪ್ಲಸ್ ಅರ್ತ್ ಇರುತ್ತೆ. ಆಲ್ಟರ್ನೇಟರಿಗಾಗಿ ಅದನ್ನು ಮೈನಸ್ ಅರ್ತ್ ಮಾಡಿದರೆ ಸೆಲ್ಫ್ ಉಲ್ಟಾ ತಿರುಗುತ್ತೆ ಅಂತ ಹೆದರೋದು ಬೇಡ. ಫೀಲ್ಡ್, ಆರ್ಮೇಚರ್ ಎರಡರಲ್ಲೂ ಕರೆಂಟ್ ಒಟ್ಟಿಗೆ ತಿರುಗಿಬೀಳೋದರಿಂದ ದಿಕ್ಕು ಮೊದಲಿನದೇ. ಆಮ್‌ಮೀಟರ್ ಮತ್ತು ಇಗ್ನಿಷನ್ ಕಾಯಿಲಿನ ವೈರ್ ಮಾತ್ರ ಅದಲುಬದಲು ಮಾಡಿ.

ಜೀವದ ಮಾತು

ಟ್ರ್ಯಾಕ್ಟರ್ ಚಕ್ರದ ಮುಂದೆ ನಿಂತು, ಸ್ಪ್ಯಾನರ್ ಇಟ್ಟು ಸೆಲ್ಫಿನ ಎರಡು ಬೋಲ್ಟ್ ಕೂಡಿಸಿ ಸ್ಟಾರ್ಟ್ ಮಾಡೋದು ನಮ್ಮಲ್ಲಿ ಮಾಮೂಲಿ. ಗೇರಿನಲ್ಲಿ ಇದ್ದರೆ ಗಾಡಿ ಹೊರಟೇಬಿಡುತ್ತೆ, ಹಿಂದಿನ ಚಕ್ರ ಮೈಮೇಲೆ ಹತ್ತುತ್ತೆ. 12 ವೋಲ್ಟಿನ ಸೆಲ್ಫ್ ಇನ್ನೂ ಜೋರಾಗಿ ಜಗ್ಗುತ್ತೆ. ಯಾವತ್ತೂ ಸೀಟಿನಲ್ಲಿ ಕೂತೇ ಸ್ಟಾರ್ಟ್ ಮಾಡಿ. ಜೀಪಿನಲ್ಲಿ ಮಕ್ಕಳು ಆಟಕ್ಕೆ ಕೂತು ಕಾಲಿನ ಸ್ವಿಚ್ ಒತ್ತಿದರೆ ಕೀಲಿ ಇಲ್ಲದೆಯೂ ಗಾಡಿ ಮುಂದೆ ಹಾರುತ್ತೆ. ಹಾಗಾಗಿ ಬ್ಯಾಟರಿ ಹತ್ತಿರ ಒಂದು ಕಟ್-ಆಫ್ ಸ್ವಿಚ್ ಹಾಕಿಸಿ.

ಕೆಲಸ ಶುರು ಮಾಡುವಾಗ ಅರ್ತ್ ಕೇಬಲ್ ಮೊದಲು ಬಿಚ್ಚಿ, ಮುಗಿದ ಮೇಲೆ ಅದನ್ನೇ ಕೊನೆಗೆ ಹಾಕಿ. ಚಾರ್ಜ್ ಆಗುತ್ತಿರುವ ಬ್ಯಾಟರಿ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಈ ವಾರದ ಕೆಲಸ

ಏನನ್ನೂ ಕೊಳ್ಳಬೇಡಿ. ಮೇಲಿನ ಮೂರು ಅಳತೆ ತೆಗೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಟರ್ಮಿನಲ್ ಉಜ್ಜಿ ಮತ್ತೆ ಅಳೆಯಿರಿ. ಅಂಕಿ ಇಳಿದು ಸೆಲ್ಫ್ ಚುರುಕಾದರೆ ಅಜ್ಜನ 6 ವೋಲ್ಟ್ ಇನ್ನೂ ಸಾಕು. ಇಳಿಯದಿದ್ದರೆ ಆ ಅಂಕಿ ಹಿಡಿದುಕೊಂಡೇ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಆಗ ಮಾತು ಅಂದಾಜಿನ ಮೇಲೆ ನಡೆಯಲ್ಲ, ನಿಮ್ಮ ಲೆಕ್ಕದ ಮೇಲೆ ನಡೆಯುತ್ತೆ.