ನಿಜವಾದ ಮಾತೂ ಕೆಟ್ಟಿರಬಹುದು

ಬೈಬಲ್ ತೆಗೀರಿ, ಎಫೆಸದವರಿಗೆ 4ನೇ ಅಧ್ಯಾಯ, 29ನೇ ವಚನ. ಮೊಬೈಲ್‌ನಲ್ಲಿ ತೆಗೆಯೋರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಕೆಟ್ಟ ಮಾತು ಅಂದ ತಕ್ಷಣ ನಮಗೆ ಬೈಗುಳ, ಸುಳ್ಳು ನೆನಪಾಗುತ್ತೆ. ನಾನು ಬೈಯಲ್ಲ, ಸುಳ್ಳು ಹೇಳಲ್ಲ, ಈ ವಚನ ನನಗಲ್ಲ ಅಂತ ಮುಂದಕ್ಕೆ ಹೋಗ್ತೀವಿ. ಆದರೆ ಪೌಲನು ಇಲ್ಲಿ ಬಳಸಿರುವ ಗ್ರೀಕ್ ಪದ 'ಸಪ್ರೋಸ್'. ಮತ್ತಾಯ 13:48ರಲ್ಲಿ ಬಲೆಗೆ ಸಿಕ್ಕ ಮೀನುಗಳಲ್ಲಿ ಬಿಸಾಡುವಂಥವಕ್ಕೂ ಅದೇ ಪದ. ಯೋಚನೆ ಮಾಡಿ, ಅದೂ ನಿಜವಾದ ಮೀನೇ. ಆದರೂ ಯಾರ ತಟ್ಟೆಗೂ ಹಾಕೋಕಾಗಲ್ಲ.

ಈಗ ನನ್ನ ಕಥೆ. ನಮ್ಮ ಯೂತ್‌ನಲ್ಲಿದ್ದ ಒಬ್ಬ ತಮ್ಮ, ಒಂದು ಬೆಳಿಗ್ಗೆ ಯಡಿಯೂರು ಕೆರೆ ಸುತ್ತ ನನ್ನ ಜೊತೆ ನಡೀತಾ, ಕೆಲಸ ಹೋಯ್ತು ಪಾಸ್ಟರ್ ಅಂದ. ಕಣ್ಣಲ್ಲಿ ನೀರು. ನಾನು ಮನೆಗೆ ಬಂದವನೇ ಪ್ರಾರ್ಥನಾ ಗ್ರೂಪ್‌ನಲ್ಲಿ ಅವನ ಹೆಸರು ಹಾಕಿ, "ಕೆಲಸ ಕಳೆದುಕೊಂಡಿದ್ದಾನೆ, ಪ್ರಾರ್ಥಿಸಿ" ಅಂತ ಬರೆದೆ. ಪ್ರತಿ ಅಕ್ಷರ ನಿಜ. ಉದ್ದೇಶನೂ ಒಳ್ಳೇದೇ. ಎಲ್ಲರೂ ಆಮೆನ್ ಹಾಕಿದ್ರು. ಸಂಜೆಯೊಳಗೆ ಊರಲ್ಲಿದ್ದ ಅವನ ತಾಯಿಗೆ ಯಾರೋ ಫೋನ್ ಮಾಡಿ ಸಮಾಧಾನ ಹೇಳಿದ್ದಾರೆ. ಅವನು ಅಮ್ಮನಿಗೆ ಇನ್ನೂ ಹೇಳೇ ಇರಲಿಲ್ಲ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಬಿಟಿಎಂ ಲೇಔಟ್‌ನಲ್ಲಿದ್ದ ಅವನ ಪಿಜಿಗೆ ಹೋಗಿ, ತಪ್ಪಾಯ್ತಪ್ಪಾ ಅಂದೆ. ಅವನು ಅಂದಿದ್ದು ಇಷ್ಟೇ: "ಪಾಸ್ಟರ್, ನನಗೆ ಪ್ರಾರ್ಥನೆ ಬೇಕಿತ್ತು. ಪ್ರಚಾರ ಬೇಕಿರಲಿಲ್ಲ." ಇದನ್ನ ಇವತ್ತು ಹೇಳೋಕೆ ಅವನನ್ನೇ ಕೇಳಿದ್ದೀನಿ. ಹೆಸರು ಬೇಡ, ವಿಷಯ ಹೇಳಿ ಅಂದ. ಸಭೆಗೆ ಇನ್ನೂ ಬಂದಿಲ್ಲ.

ನಾವು ಪೆಂತೆಕೋಸ್ತಿನವರು, ನಾಲಿಗೆ ವಿಷಯದಲ್ಲಿ ನಮಗೆ ಹೆಚ್ಚು ಲೆಕ್ಕ ಇದೆ. ಅಪೊಸ್ತಲರ ಕೃತ್ಯಗಳು 2ರಲ್ಲಿ ಬೆಂಕಿಯಂಥ ನಾಲಿಗೆಗಳು ಶಿಷ್ಯರ ಮೇಲೆ ಇಳೀತವೆ. ಯಾಕೋಬ 3ರಲ್ಲಿ ನಾಲಿಗೆಯೇ ಕಾಡು ಸುಡೋ ಬೆಂಕಿ. ಭಾನುವಾರ ಅನ್ಯಭಾಷೆಯಲ್ಲಿ ಸ್ತುತಿಸಿದ ಬಾಯೇ ಸೋಮವಾರ ಕ್ಯಾಬ್ ಡ್ರೈವರ್ ಮೇಲೆ ಕೂಗುತ್ತೆ. ಆ ಪಂಚಾಶತ್ತಮದ ದಿನ ಜನ ಬೆರಗಾಗಿದ್ದು ಯಾಕೆ? ಒಬ್ಬೊಬ್ಬರಿಗೂ ತಮ್ಮ ತಮ್ಮ ಭಾಷೆಯಲ್ಲೇ ಕೇಳಿಸ್ತು. ಅಂದ್ರೆ ಪವಿತ್ರಾತ್ಮನು ಕೇಳುವವರನ್ನ ನೋಡಿ ಮಾತು ಕೊಟ್ಟ. ನಾನು ಗ್ರೂಪ್‌ನಲ್ಲಿ ಬರೆಯುವಾಗ ನೋಡಿದ್ದು ನನ್ನ ಕಾಳಜಿಯನ್ನ. ಅವನನ್ನಲ್ಲ.

ಮೊದಲು ಕೇಳಿಸಿಕೊಳ್ಳಿ, ಮಾತಿಗೆ ಅವಸರ ಬೇಡ ಅಂತಾನೆ ಯಾಕೋಬ. ಫರ್ಡಿನೆಂಡ್ ಕಿಟೆಲ್ ಹೆಸರು ಕೇಳಿದ್ದೀರಲ್ಲ? ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇದೆ. ಬಾಸೆಲ್ ಮಿಷನ್ನಿಂದ 1853ರಲ್ಲಿ ಬಂದ ಜರ್ಮನ್ ಯುವಕ, ಆಗ ವಯಸ್ಸು ಇನ್ನೂ 21. ಬಂದಿದ್ದು ಸಾರೋಕೆ. ಆದರೆ ನಮ್ಮವರ ಮಾತು, ಗಾದೆ ಎಲ್ಲ ಕೂಡಿಸುತ್ತಾ ಹೋದ. ಸುಮಾರು 70,000 ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. 41 ವರ್ಷ! ಎದುರಿಗಿರೋರ ಮಾತಿಗೆ ಅಷ್ಟು ಕಿವಿ ಕೊಟ್ಟ ದೇವರ ಸೇವಕ. ನನಗೆ ಆವತ್ತು ಒಂದೇ ಪ್ರಶ್ನೆ ಕೇಳೋಕೆ ತಾಳ್ಮೆ ಇರಲಿಲ್ಲ: "ಇದನ್ನ ಗ್ರೂಪ್‌ನಲ್ಲಿ ಹಾಕಲಾ, ತಮ್ಮಾ?"

ಬ್ಯಾಂಡ್‌ನವರು ಸ್ವಲ್ಪ ಇರಿ, ಇನ್ನೂ ಶುರು ಮಾಡಬೇಡಿ. ಮತ್ತಾಯ 5ರಲ್ಲಿ ಕರ್ತನು ಕಾಣಿಕೆಯನ್ನ ಯಜ್ಞವೇದಿಯ ಹತ್ತಿರವೇ ಬಿಟ್ಟು, ಮೊದಲು ಸಹೋದರನ ಹತ್ತಿರ ಹೋಗು ಅಂತಾನೆ. ಆಗಲೇ ಯಾರದ್ದೋ ಮುಖ ನಿಮಗೆ ನೆನಪಾಗಿರುತ್ತೆ. ಫೋನ್ ತೆಗೀರಿ, ಹೊರಗೆ ಹೋಗಿ ಮಾತಾಡಿ. ನಾವು ಕಾಯ್ತೀವಿ. ಕಾಣಿಕೆ ಆಮೇಲೆ ಎತ್ತೋಣ.